ಮೊದಲು ಬಂದದ್ದು ಮಿದುಳೋ, ನಡಿಗೆಯೋ? ಮನುಷ್ಯನ ಪಳೆಯುಳಿಕೆಗಳ ಸುತ್ತ ನಡೆದ ಜಗಳಗಳು

ಮನುಷ್ಯನ ವಿಕಾಸದ ಬಗ್ಗೆ ಎಲ್ಲಿ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಆ ಪಳೆಯುಳಿಕೆಗಳೆಲ್ಲ ಸುಳ್ಳಂತೆ ಅಲ್ವಾ? ಇಂಗ್ಲೆಂಡಿನಲ್ಲಿ ಒಂದು ಬುರುಡೆ ನಕಲಿ ಅಂತ ಗೊತ್ತಾಯಿತಂತೆ. ವಿಜ್ಞಾನಿಗಳೇ ಒಬ್ಬರನ್ನೊಬ್ಬರು ಒಪ್ಪೋದಿಲ್ಲ. ಮತ್ತೆ ನಾವು ಯಾಕೆ ನಂಬಬೇಕು?" ಇವತ್ತು ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕಂದರೆ ಇದು ಒಳ್ಳೆಯ ಪ್ರಶ್ನೆ. ಕೇಳಿದವರನ್ನು ಸುಮ್ಮನಾಗಿಸಿ ಕೂರಿಸುವ ಪ್ರಶ್ನೆ ಅಲ್ಲ.

2018ರ ಜನವರಿ ನಿಮಗೆ ನೆನಪಿರಬಹುದು. ಮಂಗ ಮನುಷ್ಯನಾದದ್ದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಅಂತ ಕೇಂದ್ರದ ಸಚಿವರೊಬ್ಬರು ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆದವು. ಆ ಮೂರರಲ್ಲಿ ಒಂದು ನಮ್ಮ ಬೆಂಗಳೂರಿನದೇ. ಹೇಳಿಕೆ ಸರಿಯಾಗಿತ್ತು. ಆದರೆ ಹೇಳಿಕೆ ಓದಿ ಯಾರ ಅನುಮಾನವೂ ಹೋಗೋದಿಲ್ಲ. ಮೂಳೆ ತೋರಿಸಬೇಕು. ಆ ಮೂಳೆಯ ಮೇಲೆ ಯಾರು ಯಾರು ಜಗಳ ಆಡಿದರು, ಯಾರು ಸೋತರು, ಯಾಕೆ ಸೋತರು ಅನ್ನೋದನ್ನೂ ಬಿಚ್ಚಿ ಹೇಳಬೇಕು.

ಹೇಳಲು ಹೊರಟರೆ ಒಂದು ವಿಷಯ ಕಾಣುತ್ತದೆ. ಕಳೆದ ನೂರ ಮೂವತ್ತು ವರ್ಷಗಳಲ್ಲಿ ಸಿಕ್ಕ ಮುಖ್ಯ ಪಳೆಯುಳಿಕೆಗಳಲ್ಲಿ ಹೆಚ್ಚಿನವು ಆ ಕಾಲದ ದೊಡ್ಡ ವಿದ್ವಾಂಸರು ಬಯಸಿದ್ದಕ್ಕೆ ಉಲ್ಟಾ ಇದ್ದವು. ಅವರು ಬಯಸಿದಂತೆಯೇ ಬಂದ ಒಂದು ಪಳೆಯುಳಿಕೆ ಮಾತ್ರ ನಕಲಿ. ಇವತ್ತಿನ ಮಾತು ಪೂರ್ತಿ ಇದರ ಮೇಲೆಯೇ.

ಅವರು ಏನು ಬಯಸಿದ್ದರು? ನೂರು ವರ್ಷದ ಹಿಂದೆ ವಿದ್ವಾಂಸರ ಮನಸ್ಸಿನಲ್ಲಿ ಒಂದು ಕ್ರಮ ಗಟ್ಟಿಯಾಗಿ ಕೂತಿತ್ತು. ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿದ್ದು ಬುದ್ಧಿ. ಆದ್ದರಿಂದ ಮೊದಲು ಮಿದುಳು ದೊಡ್ಡದಾಗಿರಬೇಕು. ಎರಡು ಕಾಲಿನ ನಡಿಗೆ, ಸಣ್ಣ ಹಲ್ಲು, ಚಿಕ್ಕ ದವಡೆ ಎಲ್ಲ ಆಮೇಲೆ. ಕೇಳೋದಕ್ಕೆ ಚೆನ್ನಾಗಿಯೇ ಇದೆ. ನಮ್ಮ ಬಗ್ಗೆ ನಮಗಿರುವ ಅಭಿಮಾನಕ್ಕೂ ಹೊಂದುತ್ತದೆ.

ಇದಕ್ಕೆ ಮೊದಲ ಪೆಟ್ಟು ಜಾವಾದಿಂದ ಬಂತು. ಯೂಜೀನ್ ಡುಬಾಯ್ ಅನ್ನುವ ಡಚ್ ವೈದ್ಯರು ಮನುಷ್ಯನ ಪೂರ್ವಜರ ಮೂಳೆ ಹುಡುಕಬೇಕು ಅಂತಲೇ 1887ರಲ್ಲಿ ಸೈನ್ಯದ ವೈದ್ಯರಾಗಿ ಸೇರಿ ಹಡಗು ಹತ್ತಿದರು. 1891ರಲ್ಲಿ ಟ್ರಿನಿಲ್ ಎಂಬಲ್ಲಿ, ಸೋಲೋ ನದಿಯ ದಂಡೆಯಲ್ಲಿ, ಒಂದು ಬುರುಡೆಯ ಮೇಲ್ಭಾಗ ಸಿಕ್ಕಿತು. ಅಗೆದವರು ಶಿಕ್ಷೆಗೆ ಒಳಗಾಗಿದ್ದ ಕೈದಿಗಳು. ಮರುವರ್ಷ ಸ್ವಲ್ಪ ದೂರದಲ್ಲಿ ಒಂದು ತೊಡೆಮೂಳೆ ಸಿಕ್ಕಿತು. ಬುರುಡೆ ತಗ್ಗಾಗಿತ್ತು, ಹುಬ್ಬಿನ ಜಾಗದಲ್ಲಿ ದಪ್ಪ ದಂಡೆ. ತೊಡೆಮೂಳೆ ಮಾತ್ರ ನಮ್ಮದರಂತೆಯೇ ನೆಟ್ಟಗೆ. ಡುಬಾಯ್ ಎರಡನ್ನೂ ಒಂದೇ ಜೀವಿಯದು ಅಂದರು. ಯುರೋಪಿನಲ್ಲಿ ಕೆಲವರು ಅದು ದೊಡ್ಡ ಗಿಬ್ಬನ್ ಅಂದರು, ಕೆಲವರು ರೋಗಿಷ್ಠ ಮನುಷ್ಯ ಅಂದರು. ಇವತ್ತು ಆ ಬುರುಡೆಯನ್ನು ಹೋಮೋ ಎರೆಕ್ಟಸ್ ಅನ್ನುತ್ತೇವೆ. ಆ ಜಾತಿಯ ಇನ್ನೂ ಎಷ್ಟೋ ಬುರುಡೆಗಳು ಆಮೇಲೆ ಜಾವಾದಲ್ಲೂ ಚೀನಾದಲ್ಲೂ ಆಫ್ರಿಕಾದಲ್ಲೂ ಸಿಕ್ಕಿವೆ. ತೊಡೆಮೂಳೆಯ ಮೇಲೆ ಮಾತ್ರ ಅನುಮಾನ ಉಳಿದಿದೆ. ಅದು ಬಹಳ ಈಚಿನದು ಅನ್ನೋದು ಹಲವರ ಅಭಿಪ್ರಾಯ. ಎರಡೂ ಮಣ್ಣಿನ ಒಂದೇ ಪದರದಲ್ಲಿ ಇದ್ದವಾ ಅನ್ನೋದು ಆವತ್ತು ಸರಿಯಾಗಿ ದಾಖಲಾಗಿದ್ದರೆ ಈ ಜಗಳ ಇಷ್ಟು ಎಳೆಯುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಆ ನಕಲಿ ಬುರುಡೆಗೆ ಬರೋಣ. 1912ರ ಡಿಸೆಂಬರ್‌ನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಸಭೆಯಲ್ಲಿ ಚಾರ್ಲ್ಸ್ ಡಾಸನ್ ಎಂಬ ಹವ್ಯಾಸಿ ಸಂಗ್ರಾಹಕರು ಮತ್ತು ಬ್ರಿಟಿಷ್ ಮ್ಯೂಸಿಯಮ್ಮಿನ ಆರ್ಥರ್ ಸ್ಮಿತ್ ವುಡ್‌ವರ್ಡ್ ಒಂದಷ್ಟು ಮೂಳೆ ಮುಂದಿಟ್ಟರು. ಸಸೆಕ್ಸಿನ ಪಿಲ್ಟ್‌ಡೌನ್ ಹಳ್ಳಿಯ ಜಲ್ಲಿ ಗುಂಡಿಯಲ್ಲಿ ಸಿಕ್ಕಿದ್ದು ಅಂದರು. ಬುರುಡೆ ನಮ್ಮಷ್ಟೇ ದೊಡ್ಡದು. ದವಡೆ ವಾನರನದು. ಮಿದುಳು ಮೊದಲು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಅದೂ ಇಂಗ್ಲೆಂಡಿನ ನೆಲದಲ್ಲೇ! ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ, ಜಾವಾದಲ್ಲಿ ಹಳೆಯ ಮನುಷ್ಯರು ಸಿಕ್ಕಿದ್ದರು. ಇಂಗ್ಲೆಂಡಿಗೆ ಅದುವರೆಗೆ ಅಂಥದ್ದೇನೂ ಸಿಕ್ಕಿರಲಿಲ್ಲ.

ಆಗಲೂ ಎಲ್ಲರೂ ನಂಬಲಿಲ್ಲ ಅನ್ನೋದು ನಮಗೆ ಗೊತ್ತಿರಬೇಕು. ಬುರುಡೆ ಮನುಷ್ಯನದು, ದವಡೆ ವಾನರನದು, ಎರಡು ಬೇರೆ ಪ್ರಾಣಿಗಳ ಮೂಳೆ ಕಲೆತಿವೆ ಅಂತ ಶುರುವಿನಲ್ಲೇ ಹೇಳಿದವರಿದ್ದರು. ಪರೀಕ್ಷಿಸಲು ಒಂದು ಸುಲಭ ದಾರಿಯೂ ಇತ್ತು. ದವಡೆಯ ಹಿಂದಿನ ತುದಿಯಲ್ಲಿ ಒಂದು ಗುಬ್ಬಿ ಇರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಕೈಗೆ ಸಿಗುತ್ತದೆ. ಅದು ಬುರುಡೆಯ ಕುಳಿಯೊಳಗೆ ಕೂರಬೇಕು. ಕೂರದಿದ್ದರೆ ಎರಡೂ ಬೇರೆ ಬೇರೆ. ಪಿಲ್ಟ್‌ಡೌನ್ ದವಡೆಯಲ್ಲಿ ಸರಿಯಾಗಿ ಆ ಗುಬ್ಬಿಯೇ ಮುರಿದುಹೋಗಿತ್ತು. ಜೊತೆಗೆ ಅಸಲಿ ಮೂಳೆಗಳನ್ನು ಬೀಗ ಹಾಕಿಟ್ಟಿದ್ದರು. ನೋಡಲು ಬಂದ ಸಂಶೋಧಕರಿಗೆ ಪ್ಲಾಸ್ಟರಿನ ಅಚ್ಚು ಕೊಟ್ಟು ಕಳಿಸುತ್ತಿದ್ದರು. ಅಚ್ಚಿನಲ್ಲಿ ಆಕಾರ ಕಾಣುತ್ತದೆ, ಅರದ ಗೀರು ಕಾಣೋದಿಲ್ಲ.

ಪಿಲ್ಟ್‌ಡೌನ್ ಕಥೆ ಅಲ್ಲೇ ನಿಲ್ಲಲಿ. ಇದನ್ನು ನೋಡಿ. ನನ್ನ ಕೈಯಲ್ಲಿರೋದು ಟೌಂಗ್ ಮಗುವಿನ ಬುರುಡೆಯ ಅಚ್ಚು. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ, ಆಮೇಲೆ ಮುಂದೆ ಬಂದು ಕೈಯಲ್ಲಿ ಹಿಡಿದು ನೋಡಿ. ಎಷ್ಟು ಚಿಕ್ಕದು! ನನ್ನ ಅಂಗೈಯಲ್ಲೇ ಕೂರುತ್ತದೆ. ಮುಂದೆ ಮುಖ, ಎರಡು ಕಣ್ಣಿನ ಗುಂಡಿ, ಹಾಲುಹಲ್ಲುಗಳು, ಅವುಗಳ ಹಿಂದೆ ಆಗಷ್ಟೇ ಮೂಡಿದ ಮೊದಲ ದವಡೆಹಲ್ಲು. ಹಿಂದುಗಡೆ ನೋಡಿ, ಇಲ್ಲಿ ಮೂಳೆ ಇಲ್ಲ. ಬುರುಡೆಯೊಳಗೆ ಮಣ್ಣೂ ಸುಣ್ಣವೂ ತುಂಬಿ ಗಟ್ಟಿಯಾಗಿ, ಮಿದುಳಿನ ಆಕಾರವೇ ಕಲ್ಲಾಗಿದೆ. ಮಿದುಳಿನ ಮಡಿಕೆಗಳು, ರಕ್ತನಾಳ ಹರಿದ ಗುರುತು ಕೂಡ ಇದೆ. ಈ ಮಗು ಸತ್ತಾಗ ವಯಸ್ಸು ಮೂರು, ನಾಲ್ಕು ಇರಬಹುದು. ಕಣ್ಣಿನ ಗುಂಡಿಯೊಳಗೆ ಸಣ್ಣ ಸಣ್ಣ ತೂತುಗಳಿವೆ. ದೊಡ್ಡ ಹದ್ದೊಂದು ಎತ್ತಿಕೊಂಡು ಹೋಗಿರಬೇಕು ಅಂತ ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. ಈಗಲೂ ಆಫ್ರಿಕಾದ ಹದ್ದುಗಳು ಮಂಗಗಳನ್ನು ಬೇಟೆಯಾಡಿದಾಗ ಇಂಥದ್ದೇ ಗುರುತು ಬೀಳುತ್ತದೆ. ಎರಡೂವರೆ ದಶಲಕ್ಷ ವರ್ಷಕ್ಕೂ ಹಿಂದಿನ ಒಂದು ಮಗು. ಇದನ್ನು ಹಿಡಿದಾಗೆಲ್ಲ ನನಗೆ ಮೊದಲು ನೆನಪಾಗೋದು ವಿಜ್ಞಾನ ಅಲ್ಲ, ಆ ಮಗುವಿನ ತಾಯಿ.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಹತ್ತಿರದ ಸುಣ್ಣದ ಕಲ್ಲಿನ ಗಣಿಯಲ್ಲಿ ಇದು ಸಿಕ್ಕಿತು. ಜೊಹಾನ್ಸ್‌ಬರ್ಗಿನಲ್ಲಿ ಅಂಗರಚನೆ ಕಲಿಸುತ್ತಿದ್ದ ರೇಮಂಡ್ ಡಾರ್ಟ್ ಅವರಿಗೆ ಗಣಿಯ ಕಲ್ಲುಗಳು ಪೆಟ್ಟಿಗೆಯಲ್ಲಿ ಬಂದವು. ಆ ದಿನ ಅವರು ಸ್ನೇಹಿತನ ಮದುವೆಗೆ ಬಟ್ಟೆ ಹಾಕಿಕೊಳ್ಳುತ್ತಿದ್ದರಂತೆ. ಮೊದಲು ಕಂಡದ್ದು ಕಲ್ಲಾದ ಮಿದುಳು. ಮಿಕ್ಕ ಕಲ್ಲನ್ನು ಹೆಂಡತಿಯ ಹೆಣಿಗೆ ಕಡ್ಡಿಗಳನ್ನು ಚೂಪು ಮಾಡಿಕೊಂಡು ವಾರಗಟ್ಟಲೆ ಕೆದಕಿ ತೆಗೆದರು. ಒಳಗಿನಿಂದ ಈ ಮುಖ ಬಂತು.

ಡಾರ್ಟ್ ಗಮನಿಸಿದ್ದು ಏನು? ಬುರುಡೆಯ ಅಡಿಯಲ್ಲಿ ಬೆನ್ನುಹುರಿ ಹೊರಬರುವ ತೂತು ಇರುತ್ತದೆ. ತಲೆಯ ಮೇಲೆ ನೀರಿನ ಕೊಡ ಹೊತ್ತು ನಡೆಯುವವರನ್ನು ನೋಡಿ. ಭಾರ ಸರಿಯಾಗಿ ಕುತ್ತಿಗೆಯ ಮೇಲೆ ಬಿದ್ದಿರುತ್ತದೆ. ನಮ್ಮ ತಲೆಯೂ ಬೆನ್ನುಮೂಳೆಯ ಮೇಲೆ ಹಾಗೆಯೇ ಕೂತಿದೆ, ಅದಕ್ಕೇ ಆ ತೂತು ಬುರುಡೆಯ ಅಡಿಯ ನಡುವೆ ಇದೆ. ನಾಲ್ಕು ಕಾಲಿನ ಪ್ರಾಣಿಯಲ್ಲಿ ತಲೆ ಮುಂದಕ್ಕೆ ಚಾಚಿರುತ್ತದೆ, ತೂತು ಹಿಂದಕ್ಕಿರುತ್ತದೆ. ಚಿಂಪಾಂಜಿಯಲ್ಲೂ ಹಿಂದಕ್ಕೇ. ಟೌಂಗ್ ಮಗುವಿನಲ್ಲಿ ಅದು ಮುಂದಿತ್ತು. ಕೋರೆಹಲ್ಲುಗಳು ಚಿಕ್ಕವು. ಮಿದುಳು ಮಾತ್ರ ವಾನರನಷ್ಟೇ, ಸುಮಾರು 400 ಸಿಸಿ. ನಮ್ಮದು ಸರಾಸರಿ 1,350ರ ಆಸುಪಾಸು. ಅಂದರೆ ಪಿಲ್ಟ್‌ಡೌನ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಮಿದುಳು ಇನ್ನೂ ಚಿಕ್ಕದಿರುವಾಗಲೇ ಎದ್ದು ನಿಂತು ನಡೆದ ಜೀವಿ ಇದು. ಡಾರ್ಟ್ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟು 1925ರ ಫೆಬ್ರವರಿಯಲ್ಲಿ ಪ್ರಕಟಿಸಿದರು.

ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಆರ್ಥರ್ ಕೀತ್, ಸ್ಮಿತ್ ವುಡ್‌ವರ್ಡ್ ಎಲ್ಲರೂ ತಲೆ ಆಡಿಸಿಬಿಟ್ಟರು. ಅವರ ಒಂದು ಆಕ್ಷೇಪ ನಿಜಕ್ಕೂ ಗಟ್ಟಿಯಾಗಿತ್ತು. ವಾನರರ ಮರಿಗಳು ನೋಡಲು ಮನುಷ್ಯರ ಥರ ಇರುತ್ತವೆ. ಚಿಂಪಾಂಜಿ ಮರಿಯ ಹಣೆ ದುಂಡಗೆ, ಮುಖ ಚಪ್ಪಟೆ. ಬೆಳೆದಮೇಲೆ ಮೂತಿ ಮುಂದೆ ಬರುತ್ತದೆ, ಹುಬ್ಬಿನ ದಂಡೆ ದಪ್ಪವಾಗುತ್ತದೆ. ಈ ಮಗುವೂ ದೊಡ್ಡದಾಗಿದ್ದರೆ ಗೊರಿಲ್ಲಾ ಥರವೇ ಆಗುತ್ತಿತ್ತೋ ಏನೋ. ದೊಡ್ಡವರ ಬುರುಡೆ ತೋರಿಸಿ, ಆಮೇಲೆ ಮಾತಾಡೋಣ ಅಂದರು. ನ್ಯಾಯವಾದ ಮಾತೇ.

ಒಂದು ನಿಮಿಷ ದಾರಿ ಬಿಡುತ್ತೇನೆ. ಡಾರ್ಟ್ 1931ರಲ್ಲಿ ಈ ಬುರುಡೆಯನ್ನು ಲಂಡನ್ನಿಗೆ ತೆಗೆದುಕೊಂಡು ಹೋಗಿದ್ದರು. ಅಲ್ಲಿ ಅವರ ಹೆಂಡತಿ ಅದನ್ನು ಟ್ಯಾಕ್ಸಿಯಲ್ಲಿ ಮರೆತು ಇಳಿದುಬಿಟ್ಟರು. ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಪೊಟ್ಟಣ ಬಿಚ್ಚಿ ಬುರುಡೆ ಕಂಡ ಚಾಲಕ ಪೊಲೀಸ್ ಠಾಣೆಗೆ ಒಪ್ಪಿಸಿದ, ಹಾಗಾಗಿ ವಾಪಸ್ ಸಿಕ್ಕಿತು. ಒಂದೇ ಒಂದು ಮೂಳೆಯ ಮೇಲೆ ನಿಂತ ವಾದ ಎಷ್ಟು ತೆಳ್ಳಗಿರುತ್ತದೆ ನೋಡಿ. ಕಳೆದುಹೋಗಿದ್ದರೆ ಡಾರ್ಟ್ ಬಳಿ ಉಳಿಯುತ್ತಿದ್ದದ್ದು ಚಿತ್ರಗಳು, ಅಚ್ಚುಗಳು ಅಷ್ಟೇ.

ಡಾರ್ಟ್ ಪರವಾಗಿ ನಿಂತವರು ರಾಬರ್ಟ್ ಬ್ರೂಮ್, ಸ್ಕಾಟ್‌ಲೆಂಡಿನಿಂದ ಬಂದಿದ್ದ ವೈದ್ಯರು. ದೊಡ್ಡವರ ಬುರುಡೆ ತಾನೇ ಕೇಳಿದ್ದು ಅಂತ ಹುಡುಕುತ್ತಾ ಹೋದರು. 1936ರಲ್ಲಿ ಸ್ಟರ್ಕ್‌ಫಾಂಟೈನ್ ಗುಹೆಯಲ್ಲಿ ವಯಸ್ಕರ ಮೊದಲ ಬುರುಡೆ ಸಿಕ್ಕಿತು. 1947ರಲ್ಲಿ ಅಲ್ಲೇ ಹೆಚ್ಚೂಕಡಿಮೆ ಪೂರ್ತಿ ಬುರುಡೆ, ಜೊತೆಗೆ ಇನ್ನೊಂದು ಜೀವಿಯ ಸೊಂಟದ ಮೂಳೆ. ಸೊಂಟ ಸುಳ್ಳು ಹೇಳೋದಿಲ್ಲ. ಚಿಂಪಾಂಜಿಯ ಸೊಂಟ ಉದ್ದ, ಕಿರಿದು. ಇದು ಗಿಡ್ಡ, ಅಗಲ, ಪಕ್ಕಕ್ಕೆ ಬಾಗಿದ್ದು, ನಡೆಯುವವರ ಸೊಂಟ. ಅದೇ ವರ್ಷ ಆರ್ಥರ್ ಕೀತ್, ಆಗ ಎಂಬತ್ತರ ವಯಸ್ಸು, ಪತ್ರಿಕೆಗೆ ಬರೆದು ಡಾರ್ಟ್ ಹೇಳಿದ್ದೇ ಸರಿ, ನಾನು ತಪ್ಪಿದ್ದೆ ಅಂತ ಒಪ್ಪಿಕೊಂಡರು. ಈ ಮನುಷ್ಯ ಪಿಲ್ಟ್‌ಡೌನನ್ನು ಮೂವತ್ತೈದು ವರ್ಷ ಎತ್ತಿ ಹಿಡಿದವರು. ಆ ವಯಸ್ಸಿನಲ್ಲಿ, ಆ ಸ್ಥಾನದಲ್ಲಿ ಹಾಗೆ ಬರೆಯಲು ಎದೆ ಬೇಕು. ನನಗೆ ಅವರ ಮೇಲೆ ಗೌರವ ಮೂಡುವುದು ಅಲ್ಲಿಯೇ.

ಈಗ ಪಿಲ್ಟ್‌ಡೌನ್ ಒಂಟಿಯಾಯಿತು. ಆಫ್ರಿಕಾದ್ದೂ ಚೀನಾದ್ದೂ ಜಾವಾದ್ದೂ ಒಂದು ಕಥೆ ಹೇಳುತ್ತಿದ್ದವು, ಇದೊಂದು ಬೇರೆ. 1953ರಲ್ಲಿ ಜೋಸೆಫ್ ವೀನರ್, ಕೆನೆತ್ ಓಕ್ಲಿ, ವಿಲ್‌ಫ್ರಿಡ್ ಲೆ ಗ್ರೋಸ್ ಕ್ಲಾರ್ಕ್ ಮೂವರೂ ಸೇರಿ ಅಸಲಿ ಮೂಳೆಯನ್ನೇ ಪರೀಕ್ಷೆಗೆ ಇಟ್ಟರು. ನೆಲದಲ್ಲಿ ಹೂತ ಮೂಳೆ ನೀರಿನಿಂದ ಫ್ಲೋರಿನನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಒಂದೇ ಕಾಲದಿಂದ ಇದ್ದರೆ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ ಪ್ರಮಾಣ ಇರಬೇಕು. ಇರಲಿಲ್ಲ. ದವಡೆಯಲ್ಲಿ ನೈಟ್ರೋಜನ್ ಹೊಸ ಮೂಳೆಯಷ್ಟೇ ಇತ್ತು. ಹಲ್ಲುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅರದಿಂದ ತಿಕ್ಕಿದ ಗೀರುಗಳು. ಹಳೆಯದಾಗಿ ಕಾಣಲೆಂದು ಬಣ್ಣ ಕಟ್ಟಿದ್ದರು, ಕೆರೆದರೆ ಒಳಗೆ ಬಿಳಿ. ಬುರುಡೆ ನಮ್ಮಂಥ ಮನುಷ್ಯನದು, ದವಡೆ ಒರಾಂಗುಟಾನಿನದು. 2016ರಲ್ಲಿ ಡಿಎನ್‌ಎ ಮತ್ತು ಸ್ಕ್ಯಾನ್ ಬಳಸಿ ನಡೆಸಿದ ಅಧ್ಯಯನ ಎಲ್ಲಾ ಬೆರಳೂ ಒಬ್ಬರ ಕಡೆಗೇ ತೋರುತ್ತವೆ ಅಂದಿತು. ಆ ಒಬ್ಬರು ಡಾಸನ್.

ಹಾಗಾದರೆ ನನ್ನನ್ನು ಪ್ರಶ್ನೆ ಕೇಳಿದವರಿಗೆ ಉತ್ತರ ಇದು. ಹೌದು, ವಂಚನೆ ನಡೆದಿತ್ತು. ಅದನ್ನು ಹಿಡಿದವರು ವಿಕಾಸವನ್ನು ಒಪ್ಪಿದ ವಿಜ್ಞಾನಿಗಳೇ. ಹಿಡಿಯಲು ಸಾಧ್ಯವಾದದ್ದು ಬೇರೆ ಪಳೆಯುಳಿಕೆಗಳು ಅಸಲಿಯಾಗಿದ್ದರಿಂದ. ಆ ಲೆ ಗ್ರೋಸ್ ಕ್ಲಾರ್ಕ್ ಇದ್ದರಲ್ಲ, ಅವರೇ ಕೆಲವು ವರ್ಷ ಹಿಂದೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಡಾರ್ಟ್, ಬ್ರೂಮ್ ಅವರ ಮೂಳೆಗಳನ್ನು ಖುದ್ದು ಅಳೆದು ನೋಡಿ ಅವರ ಪರ ನಿಂತವರು. ನಲವತ್ತು ವರ್ಷ ತಡವಾಯಿತು ಅನ್ನೋದು ನಿಜ. ಬೀಗ ಹಾಕಿಡದೆ ಇದ್ದಿದ್ದರೆ ಬೇಗ ಆಗುತ್ತಿತ್ತು. ಆ ತಪ್ಪಿಗೆ ಸಮರ್ಥನೆ ಇಲ್ಲ.

ಲೂಸಿ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. 1974ರ ನವೆಂಬರ್ 24, ಇಥಿಯೋಪಿಯಾದ ಹಡಾರ್. ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಒಂದೇ ಜೀವಿಯ ಸುಮಾರು 40 ಶೇಕಡಾ ಅಸ್ಥಿಪಂಜರ ಸಿಕ್ಕಿತು. 32 ಲಕ್ಷ ವರ್ಷ ಹಳೆಯದು, ಎತ್ತರ ಮೂರೂವರೆ ಅಡಿ ಆಸುಪಾಸು. ಲೂಸಿ ಬಗ್ಗೆ ಒಂದು ಆರೋಪ ದೇಶದೇಶ ಸುತ್ತುತ್ತಿದೆ, ಈಗ ಕನ್ನಡದ ವಾಟ್ಸಾಪಿಗೂ ಬಂದಿದೆ. ಲೂಸಿ ನಡೆಯುತ್ತಿದ್ದಳು ಅಂತ ಹೇಳಲು ಬಳಸಿದ ಮಂಡಿ ಮೂಳೆ ಕಿಲೋಮೀಟರುಗಟ್ಟಲೆ ದೂರದಲ್ಲಿ ಸಿಕ್ಕಿದ್ದು, ಎರಡನ್ನೂ ಸೇರಿಸಿ ಜೋಡಿಸಿದ್ದಾರೆ ಅಂತ. ಇದರ ಹಿಂದಿನ ಸಂಗತಿ ಹೀಗಿದೆ. ಲೂಸಿ ಸಿಗುವ ಒಂದು ವರ್ಷ ಮೊದಲು, 1973ರಲ್ಲಿ, ಅದೇ ಹಡಾರಿನಲ್ಲಿ ಎರಡೂವರೆ ಕಿಲೋಮೀಟರ್ ಆಚೆ ಬೇರೆ ಒಂದು ಜೀವಿಯ ಮಂಡಿ ಸಿಕ್ಕಿತ್ತು. ಅದಕ್ಕೆ ಬೇರೆ ಸಂಖ್ಯೆ, ಬೇರೆ ದಾಖಲೆ. ಅದು ಲೂಸಿಯದು ಅಂತ ಯಾರೂ ಪ್ರಕಟಿಸಿಲ್ಲ. ಲೂಸಿಗೆ ಅವಳದೇ ತೊಡೆಮೂಳೆ ಇದೆ, ಅವಳದೇ ಕಣಕಾಲ ಮೂಳೆಯ ಮೇಲ್ತುದಿ ಇದೆ, ಸೊಂಟ ಇದೆ. 1973ರ ಮಂಡಿಯಲ್ಲೂ ಲೂಸಿಯ ಮಂಡಿಯಲ್ಲೂ ತೊಡೆಮೂಳೆ ಒಳಕ್ಕೆ ಓರೆಯಾಗಿ ಬರುತ್ತದೆ, ನಿಮ್ಮದರ ಹಾಗೆ. ನಿಂತು ನಿಮ್ಮ ಕಾಲು ನೋಡಿಕೊಳ್ಳಿ. ಸೊಂಟದ ಹತ್ತಿರ ತೊಡೆಗಳು ದೂರ, ಮಂಡಿಯ ಹತ್ತಿರ ಹತ್ತಿರ. ಒಂದು ಕಾಲೆತ್ತಿದಾಗ ದೇಹದ ಭಾರ ಇನ್ನೊಂದು ಪಾದದ ಮೇಲೆ ಬೀಳಲು ಈ ಓರೆ ಬೇಕು. ಚಿಂಪಾಂಜಿಗೆ ಇದು ಇಲ್ಲ, ಅದಕ್ಕೇ ಅದು ಎರಡು ಕಾಲಲ್ಲಿ ನಡೆದರೆ ಅತ್ತ ಇತ್ತ ಓಲಾಡುತ್ತದೆ.

ಲೂಸಿ ಮೇಲೆ ವಿಜ್ಞಾನಿಗಳ ಜಗಳ ಬೇರೆಯದೇ. ನೆಲದ ಮೇಲೆ ನಡೆಯುತ್ತಿದ್ದಳು ಸರಿ, ಮರವನ್ನೂ ಹತ್ತುತ್ತಿದ್ದಳಾ? ಬೆರಳುಗಳು ಬಾಗಿವೆ, ಕೈಗಳು ಗಟ್ಟಿ. ಹತ್ತುತ್ತಿದ್ದಳು ಅನ್ನುವವರ ಸಂಖ್ಯೆ ಈಗ ಜಾಸ್ತಿ. ಮರದಿಂದ ಬಿದ್ದೇ ಸತ್ತಳು ಅಂತ 2016ರಲ್ಲಿ ಒಂದು ತಂಡ ವಾದಿಸಿತು. ಜೊಹಾನ್ಸನ್ ಅವರೇ ಅದನ್ನು ಒಪ್ಪಲಿಲ್ಲ. ಈ ಜಗಳದಲ್ಲಿ ಎರಡೂ ಕಡೆಯವರು ಲೂಸಿ ನಡೆಯುತ್ತಿದ್ದಳು ಅನ್ನೋದನ್ನು ಒಪ್ಪಿಯೇ ಮುಂದಿನ ಮಾತು ಆಡುತ್ತಿದ್ದಾರೆ. ಹೊರಗಿನಿಂದ ಕೇಳುವವರಿಗೆ ಕೂಗಾಟ ಮಾತ್ರ ಕೇಳಿಸುತ್ತದೆ, ಯಾವುದರ ಮೇಲೆ ಅಂತ ತಿಳಿಯೋದಿಲ್ಲ.

ಮೂಳೆಯ ಮಾತನ್ನು ನಂಬದವರಿಗೆ ಹೆಜ್ಜೆಗಳಿವೆ. ತಾಂಜಾನಿಯಾದ ಲಾಯೆಟೋಲಿ. 1976ರಲ್ಲಿ ಮೇರಿ ಲೀಕಿ ಅವರ ಶಿಬಿರಕ್ಕೆ ಬಂದಿದ್ದ ಯುವ ವಿಜ್ಞಾನಿಗಳು ಒಣಗಿದ ಆನೆ ಲದ್ದಿಯನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದರು. ಆಂಡ್ರ್ಯೂ ಹಿಲ್ ತಪ್ಪಿಸಿಕೊಳ್ಳಲು ಹೋಗಿ ಬಿದ್ದರು. ಬಿದ್ದ ಕಡೆ ಕಲ್ಲಾದ ಬೂದಿಯ ಮೇಲೆ ಪ್ರಾಣಿಗಳ ಹೆಜ್ಜೆ ಗುರುತು! ಹುಡುಕುತ್ತಾ ಹೋದಾಗ 1978ರಲ್ಲಿ ಎರಡು ಕಾಲಿನವರ ಹೆಜ್ಜೆಯ ಸಾಲು ಸಿಕ್ಕಿತು. ಜ್ವಾಲಾಮುಖಿಯ ಬೂದಿ ಬಿದ್ದಿತ್ತು, ಮಳೆ ಬಂದು ಹಸಿಯಾಗಿತ್ತು, ಇವರು ಅದರ ಮೇಲೆ ನಡೆದು ಹೋದರು, ಮತ್ತೆ ಬೂದಿ ಬಿದ್ದು ಮುಚ್ಚಿಕೊಂಡಿತು. 36 ಲಕ್ಷ ವರ್ಷ. ಹೆಬ್ಬೆರಳು ಉಳಿದ ಬೆರಳುಗಳ ಜೊತೆ ನೆಟ್ಟಗಿದೆ, ಹಿಮ್ಮಡಿ ಆಳಕ್ಕೆ ಊರಿದೆ. ಅಷ್ಟು ಹಿಂದಿನ ಕಲ್ಲಿನ ಉಪಕರಣ ಇದುವರೆಗೆ ಸಿಕ್ಕಿಲ್ಲ. ದೊಡ್ಡ ಮಿದುಳಂತೂ ಇಲ್ಲವೇ ಇಲ್ಲ. ನಡಿಗೆ ಮೊದಲು ಅನ್ನೋದು ಅಲ್ಲಿಗೆ ತೀರ್ಮಾನವಾಯಿತು.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಜಗಳ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ವಯಸ್ಸಿನವರು ಪಠ್ಯಪುಸ್ತಕದಲ್ಲಿ ರಾಮಾಪಿಥೆಕಸ್ ಓದಿದ್ದೀರಿ. ಮನುಷ್ಯನ ಮೊದಲ ಪೂರ್ವಜ, ಭಾರತದಲ್ಲಿ ಸಿಕ್ಕಿದ್ದು ಅಂತ. ಹಿಮಾಚಲದ ಬಿಲಾಸಪುರ ಜಿಲ್ಲೆಯ ಹರಿತಲ್ಯಾಂಗರ್ ಹತ್ತಿರ, ಶಿವಾಲಿಕ್ ಬೆಟ್ಟಗಳಲ್ಲಿ, ಎಡ್ವರ್ಡ್ ಲೂಯಿಸ್ ಎಂಬ ಅಮೆರಿಕದ ಸಂಶೋಧಕರಿಗೆ 1932ರಲ್ಲಿ ಮೇಲ್ದವಡೆಯ ಒಂದು ತುಂಡು ಸಿಕ್ಕಿತು. ಆ ಕಾಲದಲ್ಲಿ ಶಿವಾಲಿಕ್ಕಿನ ವಾನರರಿಗೆ ರಾಮ, ಶಿವ, ಬ್ರಹ್ಮ ಎಲ್ಲರ ಹೆಸರೂ ಇಟ್ಟರು. ನಮ್ಮ ಕಿಷ್ಕಿಂಧೆಯ ಸುಗ್ರೀವನ ಹೆಸರಿನ ಸುಗ್ರೀವಪಿಥೆಕಸ್ ಕೂಡ ಇತ್ತು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್ಬೀಮ್ ಇಬ್ಬರೂ ಆ ತುಂಡಿನಿಂದ ಪೂರ್ತಿ ದವಡೆಯನ್ನು ಊಹಿಸಿದರು. ನಮ್ಮ ದವಡೆಯಂತೆ ದುಂಡಗೆ ಬಾಗಿದೆ, ಹಾಗಾಗಿ ಮನುಷ್ಯನ ಕವಲು ಒಂದೂವರೆ ಕೋಟಿ ವರ್ಷದಷ್ಟು ಹಿಂದೆಯೇ ಬೇರೆಯಾಗಿದೆ ಅಂದರು. ಆದರೆ ದವಡೆಯ ನಡುಭಾಗ ಅವರ ಬಳಿ ಇರಲಿಲ್ಲ. ಎರಡು ತುದಿಗಳನ್ನು ಎಷ್ಟು ದೂರ ಇಡುತ್ತೇವೋ ಆಕಾರ ಹಾಗೆ ಬರುತ್ತದೆ.

1967ರಲ್ಲಿ ಬರ್ಕ್ಲಿಯ ವಿನ್ಸೆಂಟ್ ಸಾರಿಕ್, ಅಲನ್ ವಿಲ್ಸನ್ ರಕ್ತದ ಪ್ರೋಟೀನ್ ಹೋಲಿಸಿ ಮನುಷ್ಯನೂ ಚಿಂಪಾಂಜಿಯೂ ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಅಷ್ಟೇ ಆಗಿದೆ ಅಂದರು. ಮೂಳೆಯವರಿಗೆ ಸಿಟ್ಟು ಬಂತು. ಪ್ರಯೋಗಾಲಯದಲ್ಲಿ ಕೂತವರಿಗೆ ಪಳೆಯುಳಿಕೆ ಬಗ್ಗೆ ಏನು ಗೊತ್ತು ಅನ್ನುವ ಧಾಟಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. ಕೊನೆಗೆ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಪಿಲ್ಬೀಮ್ ಅವರ ತಂಡಕ್ಕೇ ಶಿವಾಪಿಥೆಕಸ್‌ನ ಮುಖ ಸಿಕ್ಕಿತು. 1982ರಲ್ಲಿ ಅವರೇ ಪ್ರಕಟಿಸಿದರು. ಮುಖ ಒರಾಂಗುಟಾನಿನದೇ ಅಚ್ಚು. ರಾಮಾಪಿಥೆಕಸ್ ಅನ್ನೋದು ಬೇರೆ ಜೀವಿಯೇ ಅಲ್ಲ, ಅದೇ ಶಿವಾಪಿಥೆಕಸ್. ಮನುಷ್ಯನ ಕವಲಿನಿಂದ ಹೊರಗೆ. ರಾಮಾಪಿಥೆಕಸ್ಸನ್ನು ಎತ್ತಿ ಕೂರಿಸಿದ ಪಿಲ್ಬೀಮ್ ತಮ್ಮ ಕೈಯಾರೆ ಇಳಿಸಿದರು. ನಮ್ಮಲ್ಲಿ ಅದು ಆಮೇಲೂ ಎಷ್ಟೋ ವರ್ಷ ಪರೀಕ್ಷೆಯ ಉತ್ತರವಾಗಿಯೇ ಉಳಿಯಿತು.

ಪಠ್ಯಪುಸ್ತಕದ ಮಾತು ಬಂದಿದ್ದರಿಂದ ಹೇಳುತ್ತೇನೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದುಹಾಕಿತು. ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹತ್ತನೇ ತರಗತಿ ಆದಮೇಲೆ ಎಲ್ಲರೂ ಜೀವಶಾಸ್ತ್ರ ತೆಗೆದುಕೊಳ್ಳೋದಿಲ್ಲ. ವಾಣಿಜ್ಯ ಓದುವ ಮಗು, ಐಟಿಐಗೆ ಹೋಗುವ ಮಗು ಇದನ್ನು ಇನ್ನೆಲ್ಲಿ ಓದಬೇಕು? ಇದು ನನಗೆ ನೋವಿನ ವಿಷಯ.

"ಮಂಗಕ್ಕೂ ಮನುಷ್ಯನಿಗೂ ನಡುವಿನ ಕೊಂಡಿ ಎಲ್ಲಿ" ಅನ್ನೋದು ಇನ್ನೊಂದು ಪ್ರಶ್ನೆ. ಇದಕ್ಕೆ ಜಾರ್ಜಿಯಾ ದೇಶದ ದ್ಮಾನಿಸಿಗೆ ಹೋಗೋಣ. ಮಧ್ಯಯುಗದ ಹಾಳು ಪಟ್ಟಣ. ಅದರ ನೆಲದಡಿಯಲ್ಲಿ ಸುಮಾರು 18 ಲಕ್ಷ ವರ್ಷ ಹಳೆಯ ಐದು ಬುರುಡೆ. ಒಂದರ ಮಿದುಳು 546 ಸಿಸಿ, ಇನ್ನೊಂದರದ್ದು 700ರ ಆಚೆ. ಒಬ್ಬರಿಗೆ ಸಾಯುವ ಬಹಳ ಮೊದಲೇ ಒಂದು ಬಿಟ್ಟು ಎಲ್ಲ ಹಲ್ಲೂ ಉದುರಿ, ಹಲ್ಲಿನ ಗುಂಡಿಗಳು ಮೂಳೆ ಬೆಳೆದು ಮುಚ್ಚಿಹೋಗಿದ್ದವು. ಅಗಿಯಲಾರದವರು ವರ್ಷಗಟ್ಟಲೆ ಬದುಕಿದ್ದರು, ಯಾರೋ ಮೆತ್ತಗಿನ ಆಹಾರ ಕೊಟ್ಟಿರಬಹುದು. ಈ ಐವರೂ ಒಂದೇ ಜಾತಿ ಅಂತ 2013ರಲ್ಲಿ ಡೇವಿಡ್ ಲೋರ್ಡ್‌ಕಿಪಾನಿಡ್ಜೆ ತಂಡ ಹೇಳಿತು. ಹಾಗಿದ್ದರೆ ಆಫ್ರಿಕಾದಲ್ಲಿ ಬೇರೆ ಬೇರೆ ಹೆಸರಿಟ್ಟ ಹಲವು ಬುರುಡೆಗಳೂ ಒಂದೇ ಜಾತಿಯಾಗಬಹುದು ಅಂದಿತು. ಹಲವರು ಒಪ್ಪಲಿಲ್ಲ, ಇನ್ನೂ ಒಪ್ಪಿಲ್ಲ. ಯಾಕೆ ಇಷ್ಟು ಕಷ್ಟ? ಗೆರೆ ಎಳೆಯುವ ಜಾಗದಲ್ಲೇ ಇವರೆಲ್ಲ ನಿಂತಿದ್ದಾರೆ, ಅದಕ್ಕೆ. ವಿಕಾಸವನ್ನು ಒಪ್ಪದವರು ಪ್ರತಿ ಬುರುಡೆಯೂ ಪೂರ್ತಿ ವಾನರ, ಇಲ್ಲವೇ ಪೂರ್ತಿ ಮನುಷ್ಯ ಅನ್ನುತ್ತಾರೆ. ಅವರವರಲ್ಲೇ ಒಬ್ಬರು ವಾನರ ಅಂದ ಬುರುಡೆಯನ್ನು ಇನ್ನೊಬ್ಬರು ಮನುಷ್ಯ ಅನ್ನುತ್ತಾರೆ. ಗೆರೆ ನಿಜಕ್ಕೂ ಇದ್ದಿದ್ದರೆ ಅವರಿಗಾದರೂ ಸುಲಭಕ್ಕೆ ಸಿಗಬೇಕಿತ್ತು ಅಲ್ವಾ?

ಈಗ ಮೂಳೆಯ ಜೊತೆ ಡಿಎನ್‌ಎ ಬಂದಿದೆ. 2010ರಲ್ಲಿ ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಬೆರಳ ಮೂಳೆಯ ಚೂರಿನಿಂದ ಹೊಸ ಮನುಷ್ಯರ ಗುಂಪೇ ಪತ್ತೆಯಾಯಿತು. ಅವರ ಮುಖ ಹೇಗಿತ್ತು ಅಂತ ಹದಿನೈದು ವರ್ಷ ಗೊತ್ತಿರಲಿಲ್ಲ. ಚೀನಾದ ಹಾರ್ಬಿನ್ ಬಳಿ ಸಿಕ್ಕಿದ್ದ ದೊಡ್ಡ ಬುರುಡೆಯ ಹಲ್ಲಿನ ಮೇಲೆ ಕಟ್ಟಿದ್ದ ಗಾರೆಯಿಂದ 2025ರಲ್ಲಿ ಡಿಎನ್‌ಎ ತೆಗೆದರು. ಡೆನಿಸೋವನ್ನರದು! ಆ ಬುರುಡೆಗೆ ಹೊಸ ಜಾತಿ ಅಂತ 2021ರಲ್ಲಷ್ಟೇ ಹೆಸರಿಟ್ಟಿದ್ದರು. ಈ ಸಭಾಂಗಣದಲ್ಲಿ ಕೂತ ನಮ್ಮೆಲ್ಲರ ಮೈಯಲ್ಲೂ ನಿಯಾಂಡರ್ತಾಲರು ಅನ್ನುವ, ಈಗ ಅಳಿದುಹೋದ ಇನ್ನೊಂದು ಹಳೆಯ ಮನುಷ್ಯರ ಗುಂಪಿನ ಡಿಎನ್‌ಎ ಒಂದೆರಡು ಶೇಕಡಾ ಇದೆ.

ಇನ್ನೂ ತೀರದ ಜಗಳಗಳೂ ಇವೆ. ಚಾಡ್ ದೇಶದ ಮರುಭೂಮಿಯಲ್ಲಿ 2001ರಲ್ಲಿ ಸಿಕ್ಕ 70 ಲಕ್ಷ ವರ್ಷ ಹಳೆಯ ತುಮಾಯ್ ಬುರುಡೆ ಎರಡು ಕಾಲಲ್ಲಿ ನಡೆದವರದ್ದಾ? ಜೊತೆಗೆ ಸಿಕ್ಕ ತೊಡೆಮೂಳೆ ಎಷ್ಟೋ ವರ್ಷ ಪ್ರಕಟವಾಗಲೇ ಇಲ್ಲ. 2020ರಲ್ಲಿ ಒಂದು ತಂಡ ನಡೆಯುತ್ತಿರಲಿಲ್ಲ ಅಂದಿತು, 2022ರಲ್ಲಿ ಇನ್ನೊಂದು ತಂಡ ನಡೆಯುತ್ತಿತ್ತು ಅಂದಿತು. ದಕ್ಷಿಣ ಆಫ್ರಿಕಾದ ಹೋಮೋ ನಲೇಡಿ ಎಂಬ ಹಳೆಯ ಜಾತಿಯವರು ತಮ್ಮ ಸತ್ತವರನ್ನು ಹೂಳುತ್ತಿದ್ದರು ಅಂತ 2023ರಲ್ಲಿ ಬಂದ ವಾದಕ್ಕೆ ಸಾಕ್ಷಿ ಸಾಲದು ಅಂತ ವಿಮರ್ಶಕರು ಹೇಳಿದರು. ನನಗೂ ಸದ್ಯಕ್ಕೆ ಸಾಲದು ಅನ್ನಿಸುತ್ತದೆ.

ಕೊನೆಗೆ ನಮ್ಮ ಊರಿನ ಕಡೆಗೆ. ಭಾರತದಲ್ಲಿ ಸಿಕ್ಕ ಹಳೆಯ ಮನುಷ್ಯರ ಬುರುಡೆ ಒಂದೇ. 1982ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ಹಥ್ನೋರಾದಲ್ಲಿ, ನರ್ಮದೆಯ ದಂಡೆಯ ಜಲ್ಲಿಯಲ್ಲಿ, ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿತು. ಬುರುಡೆಯ ಬಲಭಾಗ ಅಷ್ಟೇ. ಅವರು ಹೋಮೋ ಎರೆಕ್ಟಸ್ ಅಂದರು, ಕೆನೆತ್ ಕೆನಡಿ ಮುಂತಾದವರು ಹೋಮೋ ಸೇಪಿಯನ್ಸ್‌ನ ಹಳೆಯ ರೂಪ ಅಂದರು. ವಯಸ್ಸೂ ಚರ್ಚೆಯಲ್ಲೇ ಇದೆ. ಜೊತೆಗಿಟ್ಟು ನೋಡಲು ಎರಡನೆಯ ಬುರುಡೆ ನಮ್ಮಲ್ಲಿಲ್ಲ. ಟೌಂಗ್ ಮಗುವಿನ ಮೊದಲ ಹನ್ನೆರಡು ವರ್ಷದ ಸ್ಥಿತಿಯೇ ಇದು.

ಆದರೆ ಇಲ್ಲಿ ಜನ ಇದ್ದರು ಅನ್ನೋದರಲ್ಲಿ ಸಂಶಯ ಇಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಕೆಲಸ ಮಾಡಿದರು. ಅಲ್ಲಿನ ಇಸಾಂಪುರದಲ್ಲಿ ಸುಣ್ಣದ ಕಲ್ಲಿನ ಚಪ್ಪಡಿ ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಅರ್ಧಕ್ಕೆ ಬಿಟ್ಟ ಕಲ್ಲು, ಚಕ್ಕೆ, ಸುತ್ತಿಗೆ ಕಲ್ಲು ಎಲ್ಲ ಅಲ್ಲೇ ಬಿದ್ದಿವೆ. ಜೊತೆಯಲ್ಲಿದ್ದ ಪ್ರಾಣಿಗಳ ಹಲ್ಲು ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷ ಅಂತ ಬಂತು. ಆ ಕೊಡಲಿ ಮಾಡಿದವರ ಮೂಳೆ ಮಾತ್ರ ಒಂದೂ ಸಿಕ್ಕಿಲ್ಲ. ಪ್ರಾಣಿಗಳ ಹಲ್ಲು ಅಷ್ಟು ಕಾಲ ಉಳಿದಿದೆ ಅಂದಮೇಲೆ ಮನುಷ್ಯರ ಹಲ್ಲು ಉಳಿದಿರಲೂಬಹುದು.

ಅದಕ್ಕೇ ಒಂದು ಕೋರಿಕೆ. ಹುಣಸಗಿ, ಸುರಪುರ ಕಡೆಯವರು, ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯವರು ಇಲ್ಲಿದ್ದೀರಿ. ಹೊಲದಲ್ಲೋ, ಬಾವಿ ತೋಡುವಾಗಲೋ, ಹಳ್ಳದ ದರೆ ಕುಸಿದಾಗಲೋ ಕಲ್ಲಿನಷ್ಟು ಭಾರವಾದ ಮೂಳೆ, ಹಲ್ಲು ಕಂಡರೆ ಕೀಳಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು ಫೋಟೋ ತೆಗೆಯಿರಿ. ಸುತ್ತಲಿನ ಮಣ್ಣಿನ ಪದರವೂ ಕಾಣುವಂತೆ ದೂರದಿಂದ ಇನ್ನೊಂದು ಫೋಟೋ. ಫೋನಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಪುರಾತತ್ವ ಇಲಾಖೆಗೋ, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. ಹೆಚ್ಚಿನ ಸಲ ಅದು ಎಮ್ಮೆಯದೋ ಕುದುರೆಯದೋ ಆಗಿರುತ್ತದೆ, ಪರವಾಗಿಲ್ಲ. ಡುಬಾಯ್ ಅವರ ತೊಡೆಮೂಳೆ ಯಾವ ಪದರದ್ದು ಅಂತ ನೂರ ಮೂವತ್ತು ವರ್ಷದಿಂದ ಕೇಳುತ್ತಿದ್ದೇವೆ. ನಿಮ್ಮ ಹೊಲದ ಮೂಳೆಗೆ ಆ ಪ್ರಶ್ನೆಯ ಉತ್ತರ ಆ ಎರಡು ಫೋಟೋಗಳಲ್ಲಿ ಇರುತ್ತದೆ.